‘ಹೇಳಿ ಕಳಿಸ್ತೀವಿ’ ಅಂದವರು ಹೇಳಿ ಕಳಿಸಲಿ

ಮಾನ್ಯ ಸಂಪಾದಕರೇ,

ಕಳೆದ ವಾರ ನಿಮ್ಮ ಓದುಗರ ಅಂಕಣದಲ್ಲಿ ಒಬ್ಬ ತಂದೆ ಬರೆದಿದ್ದ ಪತ್ರ ಓದಿದೆ. ಮಗ ಐದು ಕಡೆ ಇಂಟರ್‌ವ್ಯೂ ಕೊಟ್ಟು ಬಂದಿದ್ದಾನೆ, ಒಂದು ಕಡೆಯಿಂದಲೂ ಉತ್ತರ ಇಲ್ಲ, ಫೋನ್ ಮಾಡಿ ಕೇಳೋ ಅಂದರೆ ‘ಹಾಗೆಲ್ಲ ಕೇಳಿದ್ರೆ ಕೊಡೋ ಕೆಲಸಾನೂ ಕೊಡಲ್ಲ’ ಅಂತಾನೆ, ಏನು ಮಾಡೋದು ಅಂತ ಕೇಳಿದ್ದರು. ಅವರಿಗೆ ಉತ್ತರ ಬರೆಯುವ ಯೋಗ್ಯತೆ ನನಗೆ ಸ್ವಲ್ಪ ಇದೆ. ಯಾಕಂದ್ರೆ ಉತ್ತರ ಕೊಡದೆ ಸುಮ್ನೆ ಕೂತವರ ಸಾಲಿನಲ್ಲಿ ನಾನೂ ಹದಿನಾರು ವರ್ಷ ಕೂತಿದ್ದೆ. ಬೆಂಗಳೂರಿನ ಪೀಣ್ಯದ ಒಂದು ಕಾರ್ಖಾನೆಯ ಪರ್ಸನಲ್ ವಿಭಾಗದಲ್ಲಿ, ಅಂದ್ರೆ ಕೆಲಸಕ್ಕೆ ಜನ ತಗೊಳ್ಳೋದನ್ನ ನೋಡಿಕೊಳ್ಳುವ ಕಡೆ. ಆಮೇಲೆ ಅದು ಎಚ್‌ಆರ್ ಆಯಿತು. ಬಾಗಿಲ ಮೇಲಿನ ಬೋರ್ಡ್ ಬದಲಾಯಿತು, ಒಳಗಿನ ಕುರ್ಚಿ ಅದೇ.

ಮೊದಲು ನನ್ನ ತಪ್ಪು ಹೇಳಿಬಿಡುತ್ತೇನೆ. ಶಿರಾ ಕಡೆಯ ಒಬ್ಬ ಹುಡುಗ, ಐಟಿಐ ಫಿಟ್ಟರ್. ವರ್ನಿಯರ್ ಕೈಗೆ ಕೊಟ್ಟರೆ ನೋಡಿದ ತಕ್ಷಣ ಅಳತೆ ಹೇಳಿದ್ದ, ನಮ್ಮ ಪ್ರೊಡಕ್ಷನ್ ಮ್ಯಾನೇಜರ್‌ಗೆ ಇಷ್ಟವಾಗಿತ್ತು. ‘ಹತ್ತು ದಿನದಲ್ಲಿ ಹೇಳಿ ಕಳಿಸ್ತೀವಿ’ ಅಂದೆ. ಆ ಹತ್ತು ದಿನದೊಳಗೆ, ಯಾರದೋ ಶಿಫಾರಸಿನ ಮೇಲೆ ಬೇರೆ ಹುಡುಗ ಬಂದು ಆ ಜಾಗಕ್ಕೆ ಸೇರಿಯೂ ಆಯಿತು. ಇವನಿಗೆ ನಾನು ಹೇಳಲಿಲ್ಲ. ಹನ್ನೆರಡನೇ ದಿನ ಅವನೇ ಗೇಟಿಗೆ ಬಂದ. ಶಿರಾದಿಂದ ಬೆಂಗಳೂರಿಗೆ ಸುಮಾರು 120 ಕಿಲೋಮೀಟರ್. ಸೆಕ್ಯುರಿಟಿಯವರು ಗೇಟಿನಿಂದ ಫೋನ್ ಮಾಡಿದಾಗ ನಾನು ಟೀ ಕುಡೀತಿದ್ದೆ. ‘ಮೀಟಿಂಗ್‌ನಲ್ಲಿದ್ದಾರೆ ಅಂತ ಹೇಳಪ್ಪ’ ಅಂದೆ. ಮುಂದಿನ ವಾರ ಮತ್ತೆ ಬಂದ, ಮತ್ತೆ ಮೀಟಿಂಗ್. ಮೂರನೇ ಸಲ ಬಂದವನು ಒಂದು ಚೀಟಿ ಕೊಟ್ಟು ಹೋದ. ‘ಮೇಡಂ, ಇಲ್ಲ ಅಂದ್ರೆ ಇಲ್ಲ ಅಂತ ಹೇಳಿ. ತುಮಕೂರಲ್ಲಿ ಒಂದು ವರ್ಕ್‌ಶಾಪಿನವರು ಕರೀತಿದ್ದಾರೆ. ನಿಮ್ಮ ಮಾತಿಗೋಸ್ಕರ ಅವರನ್ನ ಕಾಯಿಸ್ತಾ ಇದೀನಿ’ ಅಂತ ಬರೆದಿತ್ತು.

ಆ ಚೀಟಿ ಡ್ರಾಯರ್‌ಗೆ ಹಾಕಿದೆ. ಅದಕ್ಕೂ ಉತ್ತರ ಕೊಡಲಿಲ್ಲ. ಕೆಟ್ಟ ಮನಸ್ಸೇನೂ ಇರಲಿಲ್ಲ, ಮುಜುಗರ ಅಷ್ಟೆ. ‘ಆ ಜಾಗ ಆಗಲೇ ತುಂಬಿದೆ’ ಅಂತ ಮುಖ ನೋಡಿ ಹೇಳಬೇಕಲ್ಲ, ಅದು ನನ್ನಿಂದ ಆಗಲಿಲ್ಲ. ನನ್ನ ಐದು ನಿಮಿಷದ ಮುಜುಗರ ತಪ್ಪಿಸಿಕೊಳ್ಳೋಕೆ ಅವನ ಮೂರು ದಿನದ ಕೂಲಿ, ಬಸ್ ಚಾರ್ಜು, ಬಹುಶಃ ಆ ವರ್ಕ್‌ಶಾಪಿನ ಕೆಲಸ, ಎಲ್ಲಾ ಹೋಯಿತು.

ಈಗ ನಾನು ತುಮಕೂರಲ್ಲಿದ್ದೇನೆ. ನಮ್ಮ ಬೀದಿಯ ಮಕ್ಕಳು ರೆಸ್ಯೂಮೆ ತಿದ್ದಿಸಿಕೊಳ್ಳೋಕೆ ಬರುತ್ತಾರೆ. ಇಂಟರ್‌ವ್ಯೂ ಆದ ಮೇಲೆ ಕೇಳಿದ್ಯಾ ಅಂದರೆ ಹತ್ತರಲ್ಲಿ ಎಂಟು ಜನ ‘ಇಲ್ಲ ಆಂಟಿ, ಚೆನ್ನಾಗಿರಲ್ಲ’ ಅಂತಾರೆ. ಈ ‘ಚೆನ್ನಾಗಿರಲ್ಲ’ ಎಲ್ಲಿಂದ ಬಂತು ಅಂತ ನನಗೆ ಗೊತ್ತು. ನಮ್ಮ ಕಾಲದಲ್ಲಿ ಹೆಣ್ಣು ನೋಡೋಕೆ ಬಂದವರು ಉಪ್ಪಿಟ್ಟು ಕೇಸರಿಬಾತ್ ತಿಂದು, ‘ಊರಿಗೆ ಹೋಗಿ ಕಾಗದ ಬರೀತೀವಿ’ ಅಂತ ಎದ್ದು ಹೋಗುತ್ತಿದ್ದರು. ಕಾಗದ ಬರುತ್ತಿರಲಿಲ್ಲ. ಹೆಣ್ಣಿನ ಕಡೆಯವರು ಮೇಲೆ ಬಿದ್ದು ಕೇಳುವ ಹಾಗಿರಲಿಲ್ಲ, ಕೇಳಿದರೆ ಅಗ್ಗ ಆಗಿಬಿಡುತ್ತೀವಿ ಅನ್ನುವ ಭಯ. ಆದರೂ ಅಲ್ಲಿ ನಡುವೆ ಒಬ್ಬ ದಲ್ಲಾಳಿ ಇರುತ್ತಿದ್ದ, ಸಂತೆಯಲ್ಲೋ ಜಾತ್ರೆಯಲ್ಲೋ ಅವನನ್ನು ಹಿಡಿದು ‘ಏನಾಯ್ತಪ್ಪ’ ಅಂತ ಕೇಳಬಹುದಿತ್ತು. ಈಗ ಇಂಟರ್‌ವ್ಯೂಗೆ ಕಳಿಸಿದ ಕನ್ಸಲ್ಟೆನ್ಸಿಯವರೂ ಫೋನ್ ಎತ್ತಲ್ಲ.

ಆ ತಂದೆಯ ಮಗನಿಗೆ ನಾನು ಹೇಳುವುದು ಇಷ್ಟೇ. ಕೇಳಿದ್ದಕ್ಕೇ ಯಾರ ಕೆಲಸವೂ ಹೋಗಲ್ಲ. ಹದಿನಾರು ವರ್ಷದಲ್ಲಿ ‘ಇವನು ಕೇಳಿಬಿಟ್ಟ, ತೆಗೆದುಹಾಕಿ’ ಅಂದ ಒಬ್ಬ ಮ್ಯಾನೇಜರನ್ನೂ ನಾನು ನೋಡಿಲ್ಲ. ಕೇಳಿದ ರೀತಿಯಿಂದ ಹೋದದ್ದು ಮಾತ್ರ ನೋಡಿದ್ದೇನೆ, ಅದನ್ನೂ ಹೇಳುತ್ತೇನೆ.

ಉತ್ತರ ಯಾಕೆ ಬರಲ್ಲ ಅನ್ನೋದು ಮೊದಲು ಗೊತ್ತಿರಲಿ. ಹೊರಗಡೆ ನಿಂತವರಿಗೆ ‘ನಾನು ಫೇಲ್’ ಅನಿಸುತ್ತದೆ. ಒಳಗಡೆ ನಡೆಯೋದೇ ಬೇರೆ. ನೀವು ಎರಡನೇ ಹೆಸರಾಗಿರಬಹುದು. ಮೊದಲನೇ ಹೆಸರಿನವರಿಗೆ ಆಫರ್ ಹೋಗಿದೆ, ಅವರು ಹೂಂ ಅಂದಿದ್ದಾರೆ, ಆದರೆ ಅವರ ಈಗಿನ ಕಂಪನಿಯಲ್ಲಿ ನೋಟಿಸ್ ಪೀರಿಯಡ್ ಇದೆ, ಅಂದ್ರೆ ರಾಜೀನಾಮೆ ಕೊಟ್ಟ ಮೇಲೂ ಅಷ್ಟು ದಿನ ಅಲ್ಲೇ ಕೆಲಸ ಮಾಡಬೇಕು. ಬೆಂಗಳೂರಿನ ಎಷ್ಟೋ ಐಟಿ ಕಂಪನಿಗಳಲ್ಲಿ ಅದು 90 ದಿನ. ಆ 90 ದಿನದಲ್ಲಿ ಅವರು ಇನ್ನೆರಡು ಆಫರ್ ಹಿಡಿದು ಕೊನೇ ವಾರ ಕೈ ಎತ್ತುತ್ತಾರೆ ಅನ್ನೋದು ಎಚ್‌ಆರ್‌ನವರಿಗೆಲ್ಲ ಗೊತ್ತು. ಅದಕ್ಕೇ ನಿಮಗೆ ‘ಇಲ್ಲ’ ಅನ್ನಲ್ಲ, ‘ಹೌದು’ ಅಂತಲೂ ಅನ್ನಲ್ಲ. ಬಸ್ಸಿನಲ್ಲಿ ಟವೆಲ್ ಹಾಕಿ ಸೀಟು ಹಿಡಿಯುತ್ತಾರಲ್ಲ, ಆ ಟವೆಲ್ ನೀವು. ಇಲ್ಲಾ, ಆ ಹುದ್ದೆಗೆ ದುಡ್ಡೇ ಮಂಜೂರಾಗಿರಲ್ಲ, ಮಾರ್ಚ್ ಮುಗೀಲಿ ನೋಡೋಣ ಅಂದಿರುತ್ತಾರೆ. ಸಹಿ ಹಾಕಬೇಕಾದವರು ರಜೆಯಲ್ಲಿರುತ್ತಾರೆ. ನಿಮ್ಮನ್ನು ಮಾತಾಡಿಸಿದ ಎಚ್‌ಆರ್ ಹುಡುಗಿಯೇ ಕೆಲಸ ಬಿಟ್ಟು ಹೋಗಿರುತ್ತಾಳೆ, ನಿಮ್ಮ ಫೈಲು ಯಾರ ಮೇಜಿನ ಮೇಲೂ ಇರಲ್ಲ. ಈ ಕೊನೆಯದು ನಗೋ ಮಾತಲ್ಲ, ತುಂಬಾ ಜಾಸ್ತಿ ನಡೆಯುತ್ತದೆ, ಮತ್ತು ಇಂಥ ಕಡೆ ಒಂದು ಇಮೇಲ್ ಹಾಕಿದವನಿಗೆ ನಿಜವಾಗಿಯೂ ಕೆಲಸ ಸಿಕ್ಕಿದ್ದನ್ನು ನಾನೇ ನೋಡಿದ್ದೇನೆ.

ಕೇಳೋದು ಇಂಟರ್‌ವ್ಯೂ ಕೋಣೆಯಲ್ಲೇ ಶುರುವಾಗಬೇಕು. ‘ನಿಮಗೇನಾದ್ರೂ ಪ್ರಶ್ನೆ ಇದೆಯಾ’ ಅಂತ ಕೊನೆಗೆ ಕೇಳುತ್ತಾರೆ, ನಮ್ಮ ಮಕ್ಕಳು ‘ನೋ ಸರ್’ ಅಂತ ಎದ್ದುಬಿಡುತ್ತಾರೆ. ಹಾಗೆ ಏಳಬೇಡಿ. ‘ಯಾವಾಗ ತಿಳಿಸ್ತೀರಿ? ಅಷ್ಟರೊಳಗೆ ಗೊತ್ತಾಗದಿದ್ರೆ ನಾನು ಯಾರನ್ನ ಕೇಳಬೇಕು?’ ಅಂತ ಕೇಳಿ, ಹೆಸರು ಬರೆದುಕೊಳ್ಳಿ. ಅವರೇ ಹೇಳಿದ ದಿನ ಅವರಿಗೇ ನೆನಪಿಸಿದರೆ ಅದು ಗೋಗರೆಯೋದು ಆಗಲ್ಲ, ಅಲ್ವಾ? ಅವತ್ತೇ ಸಂಜೆ ಅಥವಾ ಮಾರನೇ ದಿನ ಒಂದು ಚಿಕ್ಕ ಧನ್ಯವಾದದ ಮೇಲ್ ಹಾಕಿ. ಮಾತಿನ ನಡುವೆ ಬಂದ ಒಂದು ವಿಷಯ ಅದರಲ್ಲಿ ಇರಲಿ, ಆಗ ಅವರಿಗೆ ಮುಖ ನೆನಪಾಗುತ್ತದೆ. ದಿನಕ್ಕೆ ಎಂಟು ಜನರನ್ನು ನೋಡಿದವರಿಗೆ ಸಂಜೆ ಹೊತ್ತಿಗೆ ಎಲ್ಲರೂ ಒಂದೇ ಥರ ಕಾಣುತ್ತಾರೆ, ನನಗಂತೂ ಕಾಣುತ್ತಿದ್ದರು.

ಅವರು ಕೊಟ್ಟ ದಿನ ದಾಟಿ ಎರಡು ಮೂರು ಕೆಲಸದ ದಿನ ಬಿಡಿ. ದಿನವೇ ಕೊಟ್ಟಿಲ್ಲದಿದ್ದರೆ ಒಂದು ವಾರ, ಹತ್ತು ದಿನ. ಆಮೇಲೆ ಅದೇ ಹಳೇ ಮೇಲ್‌ಗೆ ರಿಪ್ಲೈ ಹಾಕಿ, ಹೊಸದು ಶುರು ಮಾಡಬೇಡಿ, ಯಾರು ನೀವು ಅಂತ ಹುಡುಕೋ ಕೆಲಸ ಅವರಿಗೆ ತಪ್ಪುತ್ತದೆ. ‘ಡೂ ದ ನೀಡ್‌ಫುಲ್’, ‘ಐ ಹ್ಯಾವ್ ದ ಆನರ್ ಟು ಸ್ಟೇಟ್’ ಎಲ್ಲಾ ಬೇಡ, ಅದು ಬ್ರಿಟಿಷರ ಕಚೇರಿಯಿಂದ ಉಳಿದ ಧೂಳು. ಕನ್ನಡದಲ್ಲಿ ಹೇಳಿದರೆ ಇಷ್ಟೇ: ‘ನಮಸ್ಕಾರ. ಇಂಥ ದಿನ ಇಂಥ ಹುದ್ದೆಗೆ ಸಂದರ್ಶನಕ್ಕೆ ಬಂದಿದ್ದೆ. ಈ ವಾರ ತಿಳಿಸುತ್ತೇವೆ ಅಂದಿದ್ದಿರಿ. ಏನು ತೀರ್ಮಾನವಾಯಿತು ಅಂತ ತಿಳಿಸಿದರೆ ಅನುಕೂಲ. ಈ ಕೆಲಸದಲ್ಲಿ ನನಗೆ ಈಗಲೂ ಆಸಕ್ತಿ ಇದೆ.’ ನಾಲ್ಕೇ ನಾಲ್ಕು ಸಾಲು, ಕೆಳಗೆ ಹೆಸರು ಮತ್ತು ಫೋನ್ ನಂಬರ್. ಇಂಗ್ಲಿಷಲ್ಲಿ ಬರೆದರೂ ಇಷ್ಟೇ ಬರೆಯಿರಿ. ವಸಂತನರಸಾಪುರದ ಕೈಗಾರಿಕಾ ಪ್ರದೇಶದಲ್ಲೋ ಪೀಣ್ಯದಲ್ಲೋ ಇರುವ ಸಣ್ಣ ಕಾರ್ಖಾನೆಗಾದರೆ ಮೇಲ್‌ಗಿಂತ ಫೋನೇ ಸರಿ, ಕನ್ನಡದಲ್ಲೇ ಮಾತಾಡಿ, ಅಲ್ಲಿ ಮೇಲ್ ನೋಡುವವರು ಕಡಿಮೆ. ಬೆಳಿಗ್ಗೆ ಹನ್ನೊಂದರ ಮೇಲೆ ಮಾಡಿ. ಸೋಮವಾರ ಬೆಳಿಗ್ಗೆ ಬೇಡ. ತಿಂಗಳ ಕೊನೇ ಎರಡು ಮೂರು ದಿನವೂ ಬೇಡ, ಸಂಬಳದ ಲೆಕ್ಕದಲ್ಲಿ ತಲೆ ಕೆಟ್ಟಿರುತ್ತದೆ.

ಇನ್ನೊಂದು ವಾರ ನೋಡಿ ಇನ್ನೊಂದೇ ಸಲ ಕೇಳಿ. ಆಮೇಲೆ ಬಿಟ್ಟುಬಿಡಿ. ಬೇರೆ ಕಡೆ ಆಫರ್ ಬಂದಿದ್ದರೆ ಅದನ್ನು ಹೇಳಿಯೇ ಕೇಳಿ, ‘ಶುಕ್ರವಾರದೊಳಗೆ ಅವರಿಗೆ ಉತ್ತರ ಕೊಡಬೇಕು’ ಅಂದರೆ ಮಲಗಿದ್ದ ಫೈಲೂ ಎದ್ದು ಕೂರುತ್ತದೆ. ಆದರೆ ಇಲ್ಲದ ಆಫರ್ ಹೇಳಬೇಡಿ. ‘ಸರಿ, ಅಲ್ಲೇ ಹೋಗಿ’ ಅಂದುಬಿಟ್ಟರೆ ಎಲ್ಲಿಗೆ ಹೋಗ್ತೀರಿ? ಆಫರ್ ಲೆಟರ್ ಕೈಗೆ ಬರುವ ಮುಂಚೆ ಇರುವ ಕೆಲಸಕ್ಕೆ ರಾಜೀನಾಮೆ ಕೊಡಲೇಬೇಡಿ. ಬಾಯಿಮಾತಿನ ಮೇಲೆ ರಾಜೀನಾಮೆ ಕೊಟ್ಟು ಎರಡೂ ಕಡೆ ಇಲ್ಲದವರನ್ನು ನಾನು ನೋಡಿದ್ದೇನೆ.

ಕೆಲಸ ಕೆಡಿಸುವ ರೀತಿ ಯಾವುದು ಅಂದರೆ, ರಾತ್ರಿ ಹತ್ತು ಗಂಟೆಗೆ ವಾಟ್ಸಾಪ್‌ನಲ್ಲಿ ‘ಹಾಯ್ ಮ್ಯಾಮ್’ ಅಂತ ಹಾಕಿ, ನೀಲಿ ಗೆರೆ ಬಂತಾ ಅಂತ ಕಾದು, ಬೆಳಿಗ್ಗೆ ಎರಡು ಪ್ರಶ್ನಾರ್ಥಕ ಚಿಹ್ನೆ ಹಾಕೋದು. ಇನ್ನೊಂದು, ತಂದೆಯವರಿಂದ ಫೋನ್ ಮಾಡಿಸೋದು. ಪತ್ರ ಬರೆದ ಆ ತಂದೆ ದಯವಿಟ್ಟು ಬೇಜಾರು ಮಾಡಿಕೊಳ್ಳಬಾರದು. ನನಗೆ ಅಪ್ಪಂದಿರು, ಸೋದರಮಾವಂದಿರು, ಒಮ್ಮೆ ಒಬ್ಬ ಗ್ರಾಮ ಪಂಚಾಯಿತಿ ಸದಸ್ಯರು, ಎಲ್ಲರೂ ಫೋನ್ ಮಾಡಿದ್ದಾರೆ. ಹುಡುಗ ಎಷ್ಟೇ ಜಾಣನಾಗಿದ್ದರೂ ಆಮೇಲೆ ಮ್ಯಾನೇಜರ್ ಬಾಯಲ್ಲಿ ‘ಇವನು ಮೆಷಿನ್ ಕೆಟ್ಟರೂ ಅಪ್ಪನ್ನ ಕರೀತಾನೇನ್ರಿ’ ಅನ್ನುವ ಮಾತೇ ಬರೋದು.

ಅಂದ ಹಾಗೆ, ಇಂಟರ್‌ವ್ಯೂ ಆದ ಒಂದೇ ಗಂಟೆಯಲ್ಲಿ ಉತ್ತರ ಕೊಡುವವರೂ ಇದ್ದಾರೆ. ‘ನೀವು ಸೆಲೆಕ್ಟ್, ಲ್ಯಾಪ್‌ಟಾಪ್ ಡಿಪಾಸಿಟ್ ಕಟ್ಟಿ’ ಅಂತಾರೆ. ಇವರಷ್ಟು ಶ್ರದ್ಧೆಯಿಂದ ಫಾಲೋಅಪ್ ಮಾಡುವವರು ಬೇರೆ ಯಾರೂ ಇಲ್ಲ. ಒಂದು ರೂಪಾಯಿ ಕಟ್ಟಬೇಡಿ, ಕಟ್ಟಿದ್ದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಇಷ್ಟು ಮಕ್ಕಳಿಗೆ. ಆದರೆ ಎಲ್ಲಾ ಬುದ್ಧಿವಾದ ಅವರಿಗೇ ಹೇಳಿದರೆ ನ್ಯಾಯ ಅಲ್ಲ. ಕಂಪನಿಗಳಿಗೆ ಏನು ರೋಗ? ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಆಯ್ಕೆಯಾಗದವರಿಗೂ ಟೈಪ್ ಮಾಡಿದ ಒಂದು ಕಾಗದ ಹೋಗುತ್ತಿತ್ತು, ಅಂಚೆ ಖರ್ಚು ನಮ್ಮದೇ. ಈಗ ಒಂದು ಗುಂಡಿ ಒತ್ತಿದರೆ ನೂರು ಜನಕ್ಕೆ ಮೇಲ್ ಹೋಗುತ್ತದೆ, ಅದನ್ನೂ ಒತ್ತಲ್ಲ. ಅರ್ಜಿ ಹಾಕಿದ ಸಾವಿರ ಜನಕ್ಕೆ ಉತ್ತರ ಕೊಡಿ ಅಂತ ನಾನು ಹೇಳುತ್ತಿಲ್ಲ. ಎದುರಿಗೆ ಕೂರಿಸಿಕೊಂಡು ಮಾತಾಡಿಸಿದ ಆರು ಜನಕ್ಕೆ ಕೊಡಿ ಅಂತಿದ್ದೇನೆ.

ಕೆನಡಾದಲ್ಲಿರುವ ನನ್ನ ತಂಗಿ ಮಗ ಹೇಳಿದ್ದು. ಅಲ್ಲಿನ ಒಂಟಾರಿಯೋ ಪ್ರಾಂತ್ಯದಲ್ಲಿ ಇದು ಈಗ ಕಾನೂನೇ ಆಗಿದೆ. 25 ಅಥವಾ ಅದಕ್ಕಿಂತ ಜಾಸ್ತಿ ನೌಕರರಿರುವ ಕಂಪನಿ ಜಾಹೀರಾತು ಕೊಟ್ಟು ಇಂಟರ್‌ವ್ಯೂ ಮಾಡಿದರೆ, ಕೊನೆಯ ಇಂಟರ್‌ವ್ಯೂ ಆದ 45 ದಿನದೊಳಗೆ ನೇಮಕದ ತೀರ್ಮಾನ ಆಗಿದೆಯೋ ಇಲ್ಲವೋ ಅಂತ ಅಭ್ಯರ್ಥಿಗೆ ತಿಳಿಸಲೇಬೇಕು. 2026ರ ಜನವರಿ 1ರಿಂದ ಜಾರಿ. ನಮ್ಮಲ್ಲಿ ಸರ್ಕಾರಿ ನೇಮಕಾತಿಯಾದರೆ ಕೊನೇಪಕ್ಷ 2005ರ ಮಾಹಿತಿ ಹಕ್ಕು ಕಾಯ್ದೆ ಇದೆ, ಹತ್ತು ರೂಪಾಯಿ ಕಟ್ಟಿ ಕೇಳಬಹುದು, 30 ದಿನದಲ್ಲಿ ಉತ್ತರ ಕೊಡಬೇಕು. ಖಾಸಗಿ ಕಂಪನಿಯನ್ನು ಹಾಗೆ ಕೇಳುವ ದಾರಿ ಇಲ್ಲ.

ಕಾನೂನು ಬರುವಾಗ ಬರಲಿ. ಅದಕ್ಕಿಂತ ಸುಲಭದ್ದು ಒಂದಿದೆ. ನಮ್ಮ ಸರ್ಕಾರ ಉದ್ಯೋಗ ಮೇಳ ಮಾಡುತ್ತದೆ. 2024ರ ಫೆಬ್ರುವರಿ 26 ಮತ್ತು 27ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ಯುವ ಸಮೃದ್ಧಿ ಸಮ್ಮೇಳನ ಅಂತ ದೊಡ್ಡದಾಗೇ ಮಾಡಿತು. ಜಿಲ್ಲೆಗಳಲ್ಲೂ ಆಗುತ್ತಿರುತ್ತದೆ. ಮಳಿಗೆ ಹಾಕುವ ಕಂಪನಿಗೆ ಒಂದು ಷರತ್ತು ಹಾಕಲಿ: ಇಲ್ಲಿ ನೀವು ಇಂಟರ್‌ವ್ಯೂ ಮಾಡಿದ ಪ್ರತಿಯೊಬ್ಬರಿಗೂ 30 ದಿನದಲ್ಲಿ ಹೌದು ಅಥವಾ ಇಲ್ಲ ಅಂತ ಮೆಸೇಜ್ ಕಳಿಸಬೇಕು, ಕಳಿಸದವರಿಗೆ ಮುಂದಿನ ಮೇಳದಲ್ಲಿ ಜಾಗ ಇಲ್ಲ. ಇದಕ್ಕೆ ವಿಧಾನಸಭೆಯ ಒಪ್ಪಿಗೆ ಬೇಡ, ಒಂದು ಸುತ್ತೋಲೆ ಸಾಕು.

ಕೊನೆಗೆ ನಿಮಗೇ ಒಂದು ಮಾತು, ಸಂಪಾದಕರೇ. ನಿಮ್ಮ ಉದ್ಯೋಗದ ಪುಟದಲ್ಲಿ ಎಷ್ಟೋ ಜಾಹೀರಾತುಗಳ ಕೆಳಗೆ ‘ಆಯ್ಕೆಯಾದವರನ್ನು ಮಾತ್ರ ಸಂಪರ್ಕಿಸಲಾಗುವುದು’ ಅಂತ ಇರುತ್ತದೆ. ಜಾಹೀರಾತು ತಂದುಕೊಡುವವರಿಗೆ, ಆ ಜಾಗದಲ್ಲಿ ‘ಇಂಥ ದಿನಾಂಕದೊಳಗೆ ಎಲ್ಲರಿಗೂ ತಿಳಿಸುತ್ತೇವೆ’ ಅಂತ ಹಾಕಿಸಿ ಅನ್ನಿ, ಆ ಸಾಲನ್ನು ಪುಕ್ಕಟೆ ಅಚ್ಚು ಮಾಡಿಕೊಡಿ. ಹಳೇ ಸಾಲೇ ಬೇಕು ಅಂತ ಹಟ ಹಿಡಿದವರಿಗೆ ಡಬಲ್ ರೇಟ್ ಹಾಕಿ.

ಇತಿ,
ಹಳೇ ಪರ್ಸನಲ್ ಮೇಡಂ,
ತುಮಕೂರು