ಶನಿವಾರದ ಬೆಟ್ಟ: ಪೋಷಕರಿಗೆ ಒಂದು ಪತ್ರ

ಪ್ರಿಯ ಪೋಷಕರೇ,

ನಮಸ್ಕಾರ. ಬರುವ ಶನಿವಾರ ಏಳನೇ ತರಗತಿಯ ಮಕ್ಕಳನ್ನು ಬೆಟ್ಟ ಹತ್ತಿಸಲು ಕರೆದುಕೊಂಡು ಹೋಗುತ್ತಿದ್ದೇವೆ. ಒಪ್ಪಿಗೆ ಚೀಟಿ ಕೈ ಸೇರದಿದ್ದರೆ ಬ್ಯಾಗಿನ ತಳ ನೋಡಿ, ಅಲ್ಲೇ ಮುದುಡಿ ಬಿದ್ದಿರುತ್ತದೆ. ಗುರುವಾರದೊಳಗೆ ಸಹಿ ಮಾಡಿ ಕಳಿಸಿ. ಮಗುವಿಗೆ ಉಬ್ಬಸವಿದ್ದರೆ ಇನ್‌ಹೇಲರ್ ಮರೆಯಬೇಡಿ.

ಮೊದಲು ಶೂ ವಿಷಯ. ದಯವಿಟ್ಟು ಹೊಸದು ಕೊಡಿಸಬೇಡಿ. ಹಿಮ್ಮಡಿಗೆ ಉಜ್ಜಿ ಗುಳ್ಳೆ ಎದ್ದರೆ ಅರ್ಧ ದಾರಿಯಲ್ಲಿ ಮಾಡುವುದೇನು? ಅಡಿ ಸವೆದು ನುಣ್ಣಗಾಗಿರದಿದ್ದರೆ ಹಳೆಯದೇ ಸಾಕು. ಶುಕ್ರವಾರ ರಾತ್ರಿ ಕಾಲುಗುರು ಕತ್ತರಿಸಿ. ನಗಬೇಡಿ. ಕಳೆದ ಸಲ ಲೇಸು ಸಡಿಲ ಬಿಟ್ಟುಕೊಂಡು ಇಳಿದವಳು ನಾನೇ. ಹೆಜ್ಜೆಹೆಜ್ಜೆಗೂ ಪಾದ ಮುಂದಕ್ಕೆ ಜಾರಿ ಹೆಬ್ಬೆರಳು ಶೂ ತುದಿಗೆ ಕುಟ್ಟುತ್ತಲೇ ಇತ್ತು. ಎರಡು ದಿನಕ್ಕೆ ಉಗುರು ಕಪ್ಪಾಯಿತು, ಆಮೇಲೆ ಉದುರಿಯೇ ಹೋಯಿತು. ಹತ್ತುವಾಗ ಏದುಸಿರು ಬರುತ್ತದೆ ಅಷ್ಟೇ. ತೊಡೆ, ಮೊಣಕಾಲು ಲೆಕ್ಕ ಕೇಳುವುದು ಇಳಿಯುವಾಗ. ಭಾನುವಾರ ಮಗು ಮೆಟ್ಟಿಲಿಳಿಯಲು ನರಳಿದರೆ ಗಾಬರಿ ಬೇಡ. ಸೋಮವಾರ ನೋವು ಇನ್ನೂ ಜಾಸ್ತಿ ಆಗಬಹುದು. ಹಾಗಂತ ಸೋಮವಾರ ರಜೆ ಇಲ್ಲ!

ಈಗ ಚಿಗುರಿನ ಕಾಲ. ನೋಡಲು ಚೆಂದ, ನಂಬಲು ಕಷ್ಟ. ಬೆಳಿಗ್ಗೆ ಚಳಿ, ಹತ್ತಕ್ಕೆ ಬಿಸಿಲು. ನೆಲ ಕಾದು ಬಿಸಿಗಾಳಿ ಮೇಲೆದ್ದರೆ ಮಧ್ಯಾಹ್ನದ ಮೇಲೆ ಮೋಡ ಕಟ್ಟಿ ಗುಡುಗಬಹುದು. 1,000 ಮೀಟರ್ ಏರಿದರೆ ಸುಮಾರು 6.5 ಡಿಗ್ರಿ ಸೆಲ್ಸಿಯಸ್ ತಂಪು. ನಾವು ಏರುವುದು 600 ಮೀಟರ್, ಅಂದರೆ 4 ಡಿಗ್ರಿ. ಅಷ್ಟೇನಾ ಅನ್ನಿಸುತ್ತದೆ ಅಲ್ವಾ? ಬೆವರಿಗೆ ಒದ್ದೆಯಾದ ಹತ್ತಿ ಬನಿಯನ್ ಬೆನ್ನಿಗೆ ಅಂಟಿರುವಾಗ ಗಾಳಿ ಬೀಸಿದರೆ ಹಲ್ಲು ಕಟಕಟ ಅನ್ನುತ್ತವೆ. ಒಂದು ಒಣ ಅಂಗಿ ಬ್ಯಾಗಿನಲ್ಲಿರಲಿ. ಟೋಪಿಯೂ ಇರಲಿ.

"ನಮ್ಮ ಮಗಳನ್ನು ಅವಳ ಗೆಳತಿಯರ ಗುಂಪಿಗೇ ಹಾಕಿ" ಎಂದು ಹಲವರು ಕೇಳಿದ್ದೀರಿ. ಹಾಗೇ ಮಾಡಿದ್ದೇವೆ. ಆದರೆ ಗೆಳೆಯರ ಎದುರು ಮಕ್ಕಳು ಕಾಲು ನೋಯುತ್ತಿದೆ ಎಂದು ಬಾಯಿಬಿಡುವುದಿಲ್ಲ, ಸುಮ್ನೆ ಹಲ್ಲುಕಚ್ಚಿ ನಡೆಯುತ್ತಾರೆ. ಅದಕ್ಕೇ ಪ್ರತಿ ಗುಂಪಿನಲ್ಲೂ ನಿಧಾನವಾಗಿ ನಡೆಯುವವರೇ ಮುಂದೆ, ಓಡುವ ಕಾಲಿನವರು ಹಿಂದೆ. ಗುಂಪಿಗೊಂದು ವಿಶಲ್ ಕೊಡುತ್ತೇವೆ. ಅಪಾಯವಿದ್ದರೆ ನಿಮಿಷಕ್ಕೆ ಆರು ಸಲ ಊದಬೇಕು, ಒಂದು ನಿಮಿಷ ಬಿಟ್ಟು ಮತ್ತೆ ಊದಬೇಕು. ಉತ್ತರವಾಗಿ ಮೂರು ಸಲ ಕೇಳಿಸುತ್ತದೆ. ಆಟಕ್ಕೆ ಊದಿದವರ ವಿಶಲ್ ನನ್ನ ಜೇಬಿಗೆ.

1892ರಲ್ಲಿ ನೈಸ್ಮಿತ್ ಎಂಬ ಸ್ಕಾಟ್ಲೆಂಡಿನ ಪರ್ವತಾರೋಹಿ ಕೊಟ್ಟ ಲೆಕ್ಕ ಇವತ್ತಿಗೂ ಬಳಕೆಯಲ್ಲಿದೆ: 5 ಕಿ.ಮೀ.ಗೆ ಒಂದು ಗಂಟೆ, 600 ಮೀಟರ್ ಏರಿಗೆ ಇನ್ನೊಂದು. ನಮ್ಮ ದಾರಿ ಸರಿಯಾಗಿ ಅಷ್ಟೇ, ಎರಡು ಗಂಟೆ. ಆದರೆ ಅದು ಎಲ್ಲೂ ನಿಲ್ಲದೆ ನಡೆಯುವ ದೊಡ್ಡವರ ಲೆಕ್ಕ. ಜೀರುಂಡೆ ಕಂಡಲ್ಲೆಲ್ಲ ಕುಕ್ಕರಗಾಲಲ್ಲಿ ಕೂರುವ ಮಕ್ಕಳಿಗೆ ನಾಲ್ಕು ಗಂಟೆ ಇಟ್ಟಿದ್ದೇವೆ. ಏಳಕ್ಕೆ ಹತ್ತಲು ಶುರು. ಹನ್ನೊಂದಕ್ಕೆ ಎಲ್ಲಿದ್ದರೂ ವಾಪಸ್, ತುದಿ ಕಣ್ಣೆದುರೇ ಇದ್ದರೂ. ಮಕ್ಕಳು ಗೋಗರೆಯುತ್ತಾರೆ, ನನಗೆ ಗೊತ್ತು. ನಾನು ಒಪ್ಪುವುದಿಲ್ಲ.

ಅದಕ್ಕೇ ನಿಮ್ಮಲ್ಲಿ ಒಂದು ಕೋರಿಕೆ. ಸಂಜೆ ಮಗು ಮನೆಗೆ ಬಂದ ಕೂಡಲೇ "ತುದಿ ಮುಟ್ಟಿದ್ಯಾ?" ಎಂದು ಕೇಳಬೇಡಿ. ಯಾರ ಜೊತೆ ನಡೆದೆ, ಏನೇನು ನೋಡಿದೆ ಎಂದು ಕೇಳಿ. ನಾಲ್ಕು ಗಂಟೆಗೆ ಶಾಲೆಯ ಗೇಟಿನ ಹತ್ತಿರ ಬನ್ನಿ.

ಇಂತಿ,
ಮುಖ್ಯ ಶಿಕ್ಷಕಿ