ಅಂಗೈ ಒಡ್ಡಿ ಕಲಿಸಿದವರಿಗೆ

ಮುಂಬಯಿಯ ನಮ್ಮ ಕನ್ನಡ ಸ್ವಯಂಸೇವಕರು ಮತ್ತು ಆರೈಕೆ ಸಿಬ್ಬಂದಿಯ ಮೊದಲ ತಂಡಕ್ಕೆ ಸ್ಪರ್ಶದಿಂದ ಮಾತಾಡಿಸುವ ತರಬೇತಿ ಮುಗಿಯಿತು. ಇಲ್ಲಿ ಮೇಷ್ಟ್ರುಗಳಾಗಿ ಕೂತವರು ಕಣ್ಣು, ಕಿವಿ ಎರಡರ ತೊಂದರೆಯೂ ಇರುವ ಡೆಫ್‌ಬ್ಲೈಂಡ್ ಸ್ನೇಹಿತರು. ಮೊದಲ ನಮಸ್ಕಾರ ಅವರಿಗೇ.

ಅವರು ತಿದ್ದಿದ ಮೊದಲ ತಪ್ಪು, ಕೈ ಹಿಡಿಯುವ ರೀತಿ. ಬಹುತೇಕ ಎಲ್ಲರೂ ಮೇಲಿನಿಂದ ಕೈ ಹಿಡಿದು ಎಳೆಯುತ್ತಾರೆ. ತೋಳಿನ ಮೇಲೆ ಮೆಲ್ಲಗೆ ಅಂಗೈ ಇಟ್ಟು, ತಟ್ಟದೆ ಅಲುಗಿಸದೆ ಕಾಯಬೇಕು. ಅವರು ಇತ್ತ ತಿರುಗಿದ ಮೇಲೆ ಕೈಯನ್ನು ಕೆಳಕ್ಕೆ ಜಾರಿಸಿ, ಅವರ ಅಂಗೈಯ ಅಡಿಗೆ ಸೇರಿಸಬೇಕು. ಅವರ ಕೈ ಮೇಲಿದ್ದರೆ ಬೇಡವೆನಿಸಿದಾಗ ತೆಗೆಯಬಹುದು. ಕೈಯಲ್ಲೇ ಮಾತಾಡುವವರ ಕೈಯನ್ನು ಅದುಮಿ ಹಿಡಿಯುವುದೆಂದರೆ ಬಾಯಿ ಮುಚ್ಚಿಸಿದ ಹಾಗೆ. ನಾವು ಯಾರೆಂದು ತಿಳಿಸುವುದು ಆಮೇಲಿನ ಮೊದಲ ಮಾತು. ಹೊರಡುವಾಗಲೂ ತಿಳಿಸಿ, ಅವರ ಕೈಯನ್ನು ಕುರ್ಚಿಗೋ ಗೋಡೆಗೋ ತಾಗಿಸಿಯೇ ಹೋಗಬೇಕು.

ಕನ್ನಡವನ್ನೇ ಆಡಿ ಬೆಳೆದು, ವಯಸ್ಸಾದ ಮೇಲೆ ಎರಡೂ ಇಂದ್ರಿಯ ಸೋತ ಅಜ್ಜ-ಅಜ್ಜಿಯರಿಗೆ ಸಂಜ್ಞಾಭಾಷೆ ಗೊತ್ತಿರುವುದಿಲ್ಲ. ಅವರಿಗೆ ಅಂಗೈ ಬರಹವೇ ಆಸರೆ. ತೋರುಬೆರಳ ತುದಿಯಿಂದ ಅಂಗೈ ನಡುವೆ, ಒಂದಕ್ಷರ ಬರೆದಲ್ಲೇ ಮುಂದಿನದನ್ನೂ ದೊಡ್ಡದಾಗಿ ಬರೆಯಬೇಕು. ಪದ ಮುಗಿದಾಗ ನಿಲ್ಲಬೇಕು. ತಪ್ಪಾದರೆ ಸ್ಲೇಟು ಒರೆಸಿದಂತೆ ಒರೆಸಬೇಕು. ನಮ್ಮ ದುಂಡು ಲಿಪಿ ಇಲ್ಲಿ ಸ್ವಲ್ಪ ತಂಟೆಯದು. ಪ, ಷ, ವ ಚರ್ಮಕ್ಕೆ ಒಂದೇ ಥರ. ಒತ್ತಕ್ಷರವಂತೂ ಮಣಿಕಟ್ಟಿಗೆ ಇಳಿದುಬಿಡುತ್ತದೆ. ‘ಅಕ್ಕ’ ಬರೆಯಲು ಅ, ಕ್, ಕ ಎಂದು ಬಿಡಿಸಿ ಎಂದವರು ಒಬ್ಬ ಅಜ್ಜಿ. ಅವರಿಗೆ ಶರಣು.

ಬೆರಳಿಂದ ಓದುವ ಉಬ್ಬು ಚುಕ್ಕೆಗಳ ಲಿಪಿ ಬ್ರೈಲ್ ಬಲ್ಲ ಮರಾಠಿ ಗೆಳೆಯರಿಗೂ ವಂದನೆ. ಭಾರತದ ಭಾಷೆಗಳಿಗೆಲ್ಲ ಹೊಂದುವ ಭಾರತಿ ಬ್ರೈಲ್‌ನಲ್ಲಿ ಎರಡೂ ಭಾಷೆಯ ‘ಕ’ಕ್ಕೆ 1 ಮತ್ತು 3ನೇ ಚುಕ್ಕೆಯೇ ಆದ್ದರಿಂದ ಅವರು ನಮಗೆ ಕನ್ನಡವನ್ನೇ ಕಲಿಸಿದರು! ಮರಾಠಿಯಲ್ಲಿಲ್ಲದ ಹ್ರಸ್ವ ಎ, ಒ ಮಾತ್ರ ಬೇರೆಯಾಗಿ ಕಲಿಯಬೇಕಾಯಿತು.

ಕಿವಿಯ ಜೊತೆಗೆ ನೋಟವನ್ನೂ ಕುಂದಿಸುವ, ವಂಶವಾಹಿಯಿಂದ ಬರುವ ಅಷರ್ ಸಿಂಡ್ರೋಮ್‌ನಿಂದ ನೋಟ ಕೊಳವೆಯಷ್ಟು ಕಿರಿದಾದವರ ಮುಂದೆ ತೀರಾ ಹತ್ತಿರ ನಿಂತರೆ ಕೈಸನ್ನೆ ಆ ಕಿಂಡಿಯ ಹೊರಗೆ ಹೋಗುತ್ತದೆ. ಒಂದೆರಡು ಮೀಟರ್ ಹಿಂದೆ ಸರಿಯಬೇಕು, ಬೆನ್ನ ಹಿಂದೆ ಕಿಟಕಿ ಇರಬಾರದು, ಮೈಬಣ್ಣಕ್ಕೆ ಎದ್ದು ಕಾಣುವ ಸಾದಾ ಅಂಗಿ ತೊಡಬೇಕು. ಸಭಾಂಗಣದ ಪರದೆಗಳನ್ನು ಬೇಸರಿಸದೆ ಎಳೆದು ಬಿಟ್ಟ ಕಾವಲುಗಾರ ಅಣ್ಣನಿಗೂ ಇಲ್ಲಿ ಪಾಲಿದೆ.

ಸಭೆಯ ಮಾತನ್ನು ಸ್ಪರ್ಶದಲ್ಲಿ ಅನುವಾದ ಮಾಡುವವರ ಭುಜ ಬೇಗ ಸೋಲುತ್ತದೆ. ಸುಮಾರು 20 ನಿಮಿಷಕ್ಕೊಮ್ಮೆ ಒಬ್ಬರನ್ನೊಬ್ಬರು ಬಿಡಿಸಿ, ಮೊಣಕೈ ಕೆಳಗೆ ದಿಂಬಿಟ್ಟು ದಿನವಿಡೀ ನಡೆಸಿಕೊಟ್ಟವರ ಋಣ ದೊಡ್ಡದು. ಸಭೆಯ ನಗುವನ್ನೂ ಅವರು ಬಿಡದೆ ಬೆನ್ನ ಮೇಲೆ ಬೆರಳಾಡಿಸಿ ದಾಟಿಸಿದರು. ಬೆನ್ನಿಗೆ ದೊಡ್ಡ ಗುಣಾಕಾರ ಚಿಹ್ನೆ ಎಳೆದರೆ ಅಪಾಯ, ಈಗಲೇ ಹೊರಡಿ ಎಂದರ್ಥ. ಅದನ್ನು ಎಂದೂ ಆಟಕ್ಕೆ ಬಳಸಬಾರದು.

ಕಲಿಯುವವರ ಕಣ್ಣಿಗೆ ಪಟ್ಟಿ, ಕಿವಿಗೆ ಹತ್ತಿ ಇಟ್ಟು ನಡೆಸುವ ಆಟವನ್ನು ಕಡಿಮೆ ಮಾಡಿಸಿದ್ದೂ ಒಳ್ಳೆಯದೇ. ಅದರಿಂದ ಹೆದರಿಕೆ ಬರುತ್ತದೆ, ಭಾಷೆ ಬರುವುದಿಲ್ಲ.

1977ರಿಂದ ಈ ಊರಿನಲ್ಲಿ ಕಿವುಡರು ಮತ್ತು ಡೆಫ್‌ಬ್ಲೈಂಡ್ ಜನರಿಗಾಗಿ ದಾರಿ ಸವೆಸಿರುವ ಹೆಲೆನ್ ಕೆಲರ್ ಸಂಸ್ಥೆಯನ್ನೂ ಕೃತಜ್ಞತೆಯಿಂದ ನೆನೆಯುತ್ತೇವೆ.

ಲೋಕಲ್ ರೈಲು ಹತ್ತುವ ಅಭ್ಯಾಸ ಮುಂದಿನ ತಂಡಕ್ಕೆ. ಅದು ರೈಲು ಹೊರಡುವ ನಿಲ್ದಾಣದಲ್ಲೇ, ಜನ ಕಡಿಮೆಯಿರುವ ಹೊತ್ತಿನಲ್ಲಿ; ನಡುದಾರಿಯ ನಿಲ್ದಾಣಗಳಲ್ಲಿ ಕಂಬಕ್ಕೆ ಕೈ ತಾಗಿಸುವಷ್ಟೂ ಪುರುಸೊತ್ತಿರುವುದಿಲ್ಲ. ಬರುವವರು ಉಗುರು ಕತ್ತರಿಸಿಕೊಂಡು, ಉಂಗುರ, ಬಳೆಗಳನ್ನು ಮನೆಯಲ್ಲೇ ಬಿಟ್ಟು ಬನ್ನಿ.