ನನಗಾಗಿ ಹಾಡಿದವರಿಗೆ

ಕರ್ತನಲ್ಲಿ ಪ್ರಿಯರೇ,

ನಮ್ಮ ಯಜಮಾನರು ದೇವರ ಬಳಿಗೆ ಹೋಗಿ ಎರಡು ವರ್ಷ ತುಂಬಿತು. ಹೋದ ತಿಂಗಳು ನಾನು ಕೆಲಸಕ್ಕೆ ಸೇರಿದೆ. ಮೊನ್ನೆ ಮೊದಲ ಸಂಬಳ ಕೈಗೆ ಬಂದಾಗಿನಿಂದ ನಿಮಗೆಲ್ಲ ಬರೆಯಬೇಕು ಅಂತ ಮನಸ್ಸು ಎಳೆಯುತ್ತಿದೆ.

ನಿನ್ನ ನಂಬಿಕೆ ಗಟ್ಟಿ ಅಂತ ತುಂಬ ಜನ ಹೇಳಿದಿರಿ. ನಿಜ ಹೇಳಿಬಿಡುತ್ತೇನೆ. ಮೊದಲ ಎಂಟು ತಿಂಗಳು ನನಗೆ ಪ್ರಾರ್ಥನೆ ಮಾಡಲು ಆಗಲೇ ಇಲ್ಲ. ಮೊಣಕಾಲೂರಿದರೆ ಬಾಯಿಗೆ ಬರುತ್ತಿದ್ದದ್ದು ಒಂದೇ ಮಾತು: ಯಾಕೆ ಸ್ವಾಮೀ? ಆಸ್ಪತ್ರೆಯ ಬಾಗಿಲಲ್ಲಿ ಕೂತು ಬೇಡಿಕೊಂಡಷ್ಟು ನಾನು ಯಾವತ್ತೂ ಬೇಡಿರಲಿಲ್ಲ. ಆದರೂ ಅವರು ಉಳಿಯಲಿಲ್ಲ.

ಭಾನುವಾರ ಮಗಳು ಎಬ್ಬಿಸಿ ಸಭೆಗೆ ಕರೆತರುತ್ತಿದ್ದಳು. ಹಾಡುವಾಗ ಎಲ್ಲರ ಜೊತೆ ನಿಲ್ಲುತ್ತಿದ್ದೆ, ಬಾಯಿ ಮಾತ್ರ ಬಿಡುತ್ತಿರಲಿಲ್ಲ. ಪಕ್ಕದಲ್ಲಿ ನಿಲ್ಲುವ ಅಜ್ಜಿ ತಮ್ಮ ಹಾಡಿನ ಪುಸ್ತಕವನ್ನು ನನ್ನ ಕಡೆಗೆ ವಾಲಿಸಿ, ಸಾಲಿನ ಕೆಳಗೆ ಬೆರಳಾಡಿಸುತ್ತಾ ಹಾಡುತ್ತಿದ್ದರು. ಅವರಿಗೆ ಅವೆಲ್ಲ ಬಾಯಿಪಾಠ. ಬೆರಳು ನನಗೋಸ್ಕರ. ಪಲ್ಲವಿ ಬಂದಾಗ ಅದು ಮತ್ತೆ ಮೇಲಿನ ಸಾಲಿಗೆ ಹೋಗುತ್ತಿತ್ತು. ಒಂದು ದಿನವೂ "ಹಾಡಮ್ಮ" ಅನ್ನಲಿಲ್ಲ. ಒಂಬತ್ತನೇ ತಿಂಗಳಲ್ಲಿ ಒಂದು ಭಾನುವಾರ ನಾನು ಎರಡು ಸಾಲು ಹಾಡಿದೆ. ಅಜ್ಜಿ ತಿರುಗಿ ನೋಡಲಿಲ್ಲ. ಬೆರಳು ಮಾತ್ರ ನಡುಗುತ್ತಿತ್ತು.

ಪಾಸ್ಟರ್ ಅವರಿಗೂ ವಂದನೆ. ಅವರು ನನಗೆ ಉಪದೇಶ ಮಾಡಲಿಲ್ಲ, ಬೈಬಲಿನ 88ನೇ ಕೀರ್ತನೆ ಓದಮ್ಮ ಅಂದರು ಅಷ್ಟೇ. ದೂರು ಹೇಳುವ ಕೀರ್ತನೆಗಳು ಸಾಮಾನ್ಯವಾಗಿ ಕೊನೆಗೆ ಸ್ತೋತ್ರಕ್ಕೆ ತಿರುಗುತ್ತವೆ. ಇದು ಹಾಗಲ್ಲ, ಕತ್ತಲಲ್ಲೇ ಮುಗಿಯುತ್ತದೆ. ಆದರೆ ರಕ್ಷಿಸುವ ದೇವರೇ ಅಂತ ಕರೆದೇ ಶುರುವಾಗುತ್ತದೆ. ಇದನ್ನೂ ಸತ್ಯವೇದದಲ್ಲಿ ಇಟ್ಟಿದ್ದಾರಲ್ಲ! ನನ್ನ "ಯಾಕೆ" ಕೂಡ ಪ್ರಾರ್ಥನೆಯೇ ಅಂತ ಅವತ್ತು ಧೈರ್ಯ ಬಂತು.

ಒಂದು ಮಾತು, ತಪ್ಪು ತಿಳಿಯಬೇಡಿ. ದುಃಖದಲ್ಲಿ ಇರುವವರಿಗೆ "ದೇವರ ಚಿತ್ತ, ಅಳಬೇಡ" ಅನ್ನಬೇಡಿ. ಸತ್ತುಹೋಗಿದ್ದ ಲಾಜರನನ್ನು ಬದುಕಿಸಿ ಎಬ್ಬಿಸಲಿಕ್ಕೇ ಬಂದಿದ್ದ ಯೇಸು ಕೂಡ ಅಲ್ಲಿ ಕಣ್ಣೀರು ಹಾಕಿದ, ಅಲ್ವಾ?

ಆಮೇಲೆ ಸತ್ಯವೇದದಲ್ಲಿರುವ ರೂತಳ ಪುಸ್ತಕ ಓದಿದೆ. ಬರೀ 4 ಅಧ್ಯಾಯ. ಮೋವಾಬಿನಲ್ಲಿ ಗಂಡನನ್ನೂ ಇಬ್ಬರು ಗಂಡುಮಕ್ಕಳನ್ನೂ ಕಳೆದುಕೊಂಡ ನೊವೊಮಿ ಬೇತ್ಲೆಹೇಮಿಗೆ ವಾಪಸ್ ಬಂದಾಗ, ನನ್ನನ್ನು ಮಾರಾ ಅನ್ನಿ, ಅಂದರೆ ಕಹಿ, ಬರಿಗೈಯಲ್ಲಿ ಬಂದೆ ಅನ್ನುತ್ತಾಳೆ. ಎಷ್ಟೋ ಸಲ ಓದಿದ್ದೆ. ಆ ಮಾತು ಆಡುವಾಗ ಸೊಸೆ ರೂತಳು ಅವಳ ಜೊತೆಗೇ ಇದ್ದಳು ಅನ್ನೋದು ಈ ಸಲ ಕಣ್ಣಿಗೆ ಬಿತ್ತು. ಹೊಲದಲ್ಲಿ ಜವೆಗೋದಿಯ ಸುಗ್ಗಿಯೂ ಆಗಲೇ ಶುರುವಾಗಿತ್ತು. ನಾನೂ ಬರಿಗೈ ಅಂತಲೇ ಅಳುತ್ತಿದ್ದೆ. ನನ್ನ ಜೊತೆ ರಾತ್ರಿ ಮಲಗಲು ಪಾಳಿ ಹಾಕಿಕೊಂಡು ಬಂದ ಅಕ್ಕಂದಿರು, ಮಗಳ ಫೀಸು ಸದ್ದಿಲ್ಲದೆ ಕಟ್ಟಿದವರು, ಆರು ತಿಂಗಳು ತಾಳ್ಮೆಯಿಂದ ಕಂಪ್ಯೂಟರ್ ಕಲಿಸಿದ ತಮ್ಮ, ಎಲ್ಲರೂ ಪಕ್ಕದಲ್ಲೇ ಇದ್ದಿರಿ.

ಕೊನೆಗೆ ನೊವೊಮಿಯ ಮಡಿಲಿಗೆ ರೂತಳ ಮಗ, ದಾವೀದ ರಾಜನ ಅಜ್ಜ ಓಬೇದ ಬಂದ. ಸತ್ತ ಮಕ್ಕಳು ಬರಲಿಲ್ಲ. ನನಗೂ ಸಂಬಳದ ದಿನ ಸಂತೋಷವಾಯಿತು, ಯಜಮಾನರಿಗೆ ತೋರಿಸೋಕೆ ಆಗಲಿಲ್ಲವಲ್ಲ ಅಂತ ಅಳುವೂ ಬಂತು. ಎರಡನ್ನೂ ದೇವರ ಮುಂದೆಯೇ ಇಟ್ಟೆ.

ಈಗ ಕೆಲಸ ಮುಗಿಯೋದು ಸಂಜೆ ಆರಕ್ಕೆ. ಬುಧವಾರದ ಪ್ರಾರ್ಥನೆಗೆ ಸ್ವಲ್ಪ ತಡವಾಗುತ್ತದೆ. ನೀವು ಹಾಡು ಶುರು ಮಾಡಿಬಿಡಿ. ಅಜ್ಜಿಯ ಪಕ್ಕ ಜಾಗ ಇಟ್ಟಿರಿ.